ಆ ಹೇಳಿಕೆಗೆ ನಾನು ಸಹಿ ಹಾಕಲಿಲ್ಲ

ಹೋದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇರಬಹುದು, ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬೈಕ್ ನಿಲ್ಲಿಸಿ ನನ್ನ ಅಂಗಡಿಯೊಳಗೆ ಬಂದರು. ನನ್ನದು ಝೆರಾಕ್ಸ್ ಅಂಗಡಿ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೈವೇಯಲ್ಲಿ ಬಂದು, ಒಂದು ಕಡೆ ತಿರುಗಿ ನಾಲ್ಕು ಕಿಲೋಮೀಟರ್ ಒಳಗೆ ಹೋದರೆ ನಮ್ಮೂರು. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಬೆಳೆ ವಿಮೆ ಕಟ್ಟಿಸುವುದು, ಓದು ಬಾರದವರಿಗೆ ಅರ್ಜಿ ಬರೆದುಕೊಡುವುದು, ಇಷ್ಟೇ ನನ್ನ ಕೆಲಸ. ಊರಿಗೆ ಯಾವ ಸರ್ಕಾರಿ ಕಾಗದ ಬಂದರೂ ಒಂದು ಸಲ ನನ್ನ ಮೇಜಿನ ಮೇಲೆ ಕೂತೇ ಮುಂದೆ ಹೋಗುತ್ತದೆ.

ಅವರು ಫೈಲಿನಿಂದ ಒಂದು ಹಾಳೆ ತೆಗೆದು ಮೂರು ಝೆರಾಕ್ಸ್ ಕೇಳಿದರು. ತೆಗೆದುಕೊಟ್ಟೆ. ಆಮೇಲೆ ಪೆನ್ನು ನನ್ನ ಕಡೆ ಚಾಚಿ, "ಇಲ್ಲೊಂದು ಸಹಿ ಹಾಕಿಬಿಡ್ರಿ. ಊರಿನವರದು ಐದು ಜನರದ್ದು ಬೇಕು" ಅಂದರು.

ಓದಿ ನೋಡಿದೆ. ನಮ್ಮ ಬೀದಿಯ ಒಬ್ಬ ಅಣ್ಣನ ಹೆಸರಿತ್ತು. 2009ರ ಮಳೆಗಾಲದಲ್ಲಿ ಹೊಲದ ಬದುವಿನ ಜಗಳದಲ್ಲಿ ಕೊಲೆ ಮಾಡಿ ಜೈಲಿಗೆ ಹೋದವನು. ಜೀವಾವಧಿ ಶಿಕ್ಷೆ ಆಗಿ ಶಿವಮೊಗ್ಗ ಜೈಲಲ್ಲಿದ್ದಾನೆ. ಹಾಳೆಯಲ್ಲಿ ಬರೆದದ್ದು ಇಷ್ಟು: ಸದರಿ ಸಜಾಬಂದಿಯು ಬಿಡುಗಡೆ ಹೊಂದಿ ಗ್ರಾಮಕ್ಕೆ ಬಂದಲ್ಲಿ ಮೃತನ ಕಡೆಯವರಿಗೂ ಇವರಿಗೂ ಗಲಾಟೆಯಾಗಿ ಗ್ರಾಮದಲ್ಲಿ ಶಾಂತಿಭಂಗ ಉಂಟಾಗುವ ಸಂಭವವಿರುತ್ತದೆ. ಕೆಳಗೆ ಐದು ಗೆರೆ. ಎರಡು ಗೆರೆ ಮೇಲೆ ಆಗಲೇ ಸಹಿ ಬಿದ್ದಿತ್ತು.

"ಯಾರನ್ನ ಕೇಳಿ ಬರೆದಿದ್ದು ಸರ್ ಇದು?" ಅಂದೆ.

"ಎಲ್ಲಾ ಕೇಸಲ್ಲೂ ಹಿಂಗೇ ಬರೆಯೋದು. ನಾಳೆ ಅವನು ಬಂದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಇವನೇ ರಿಪೋರ್ಟ್ ಕೊಟ್ಟಿದ್ದು ಅಂತ ನನ್ನ ತಲೆ ಮೇಲೆ ಬರ್ತದೆ."

ಸುಳ್ಳು ಹೇಳಲಿಲ್ಲ ಅವರು, ಒಳಗಿದ್ದ ಭಯವನ್ನೇ ಹೇಳಿದರು. ಬಿಡಬೇಡಿ ಅಂತ ಬರೆದವರನ್ನು ಮುಂದೆ ಯಾರೂ ಏನೂ ಕೇಳುವುದಿಲ್ಲ. ಬಿಡಬಹುದು ಅಂತ ಬರೆದವರನ್ನು ಮಾತ್ರ ಕೇಳುತ್ತಾರೆ. ಹೀಗಿರುವಾಗ ಸಂಬಳ ತಗೊಂಡು ಸಂಸಾರ ಸಾಗಿಸುವ ಮನುಷ್ಯ ಯಾವುದನ್ನು ಬರೆಯುತ್ತಾನೆ ಹೇಳಿ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಸಹಿ ಹಾಕುವುದಕ್ಕೂ ಆಗಲಿಲ್ಲ. ಯಾಕಂದ್ರೆ ಆ ನಾಲ್ಕು ಸಾಲಿನಲ್ಲಿ ನಮ್ಮೂರೇ ಇರಲಿಲ್ಲ. ಸಂಜೆ ಬನ್ನಿ ಸರ್, ಎರಡೂ ಮನೆಗೆ ಹೋಗಿ ಕೇಳೋಣ, ಅವರು ಏನು ಹೇಳ್ತಾರೋ ಅದನ್ನೇ ಟೈಪ್ ಮಾಡಿಕೊಡ್ತೀನಿ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹಾಳೆ ಮಡಚಿ ಫೈಲಿಗೆ ಹಾಕಿಕೊಂಡು, "ಐದು ಗಂಟೆಗೆ ಬರ್ತೀನಿ" ಅಂತ ಹೋದರು.

ಈ ವಿಷಯ ನನಗೆ ಹೊಸದಲ್ಲ. ಆ ಅಣ್ಣನ ತಾಯಿ, ನಾವೆಲ್ಲ ಅಜ್ಜಿ ಅಂತ ಕರೆಯುವವರು, ಎಂಟು ವರ್ಷದಿಂದ ಪೆರೋಲ್ ಅರ್ಜಿ ಬರೆಸುವುದು ನನ್ನ ಹತ್ತಿರವೇ. ಅದಕ್ಕೇ ಓದಿಕೊಂಡೆ, ದಾವಣಗೆರೆ ಕೋರ್ಟಿನಲ್ಲಿರುವ ಗೆಳೆಯ ವಕೀಲನನ್ನು ಕಾಡಿ ಕೇಳಿಕೊಂಡೆ. ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ಈ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ.

ಮೊದಲನೇ ತಪ್ಪು ಈ ಹದಿನಾಲ್ಕು ವರ್ಷದ್ದು. ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷ, ಆಮೇಲೆ ಬಿಟ್ಟೇ ಬಿಡುತ್ತಾರೆ ಅಂತ ಅರಳಿಕಟ್ಟೆ ಮೇಲೆ ಕೂತವರೆಲ್ಲ ಹೇಳುತ್ತಾರೆ. ಹಾಗಿಲ್ಲ. ಜೀವಾವಧಿ ಅಂದರೆ ಉಸಿರಿರುವ ತನಕ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ, ಗೋಪಾಲ ಗೋಡ್ಸೆ ಪ್ರಕರಣದಲ್ಲಿ. ಸರ್ಕಾರ ಉಳಿದ ಶಿಕ್ಷೆಯನ್ನು ಮಾಫಿ ಮಾಡಿದರೆ ಮಾತ್ರ ಹೊರಗೆ. ಹದಿನಾಲ್ಕು ಬಂದದ್ದು 1978ರಲ್ಲಿ, ಸಿಆರ್‌ಪಿಸಿಗೆ, ಅಂದರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನಿಗೆ, 433ಎ ಅನ್ನುವ ಸೆಕ್ಷನ್ ಸೇರಿಸಿದಾಗ. ಮರಣದಂಡನೆಯನ್ನೂ ಕೊಡಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಕನಿಷ್ಠ 14 ವರ್ಷ ಜೈಲಿನ ಒಳಗೇ ಕಳೆಯದೆ ಬಿಡುವ ಹಾಗಿಲ್ಲ ಅಂತ ಅದರ ಅರ್ಥ. ಅಂದರೆ 14 ವರ್ಷ ಆದ ಮೇಲೆ ಸರ್ಕಾರ ಯೋಚನೆ ಮಾಡಬಹುದು, ಅಷ್ಟೇ. ಜೈಲಲ್ಲಿ ಚೆನ್ನಾಗಿ ಕೆಲಸ ಮಾಡಿ, ಒಳ್ಳೆ ನಡತೆಗೆ ಅಂತ ದಿನಗಳ ಕಡಿತ ಗಳಿಸಿದರೂ ಆ 14 ವರ್ಷ ಕಮ್ಮಿ ಆಗುವುದಿಲ್ಲ. 2024ರ ಜುಲೈ 1ರಿಂದ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಇದೇ ಮಾತು 475ನೇ ಸೆಕ್ಷನ್‌ನಲ್ಲಿದೆ.

ಎರಡನೇದು ಪೆರೋಲ್ ಅನ್ನುವ ಮಾತಿನದ್ದು. ಇಂಗ್ಲೆಂಡ್‌ನಲ್ಲಿ ಪೆರೋಲ್ ಮಂಡಳಿ ಅಂದರೆ ಕೈದಿಯನ್ನು ಹೊರಗೆ ಬಿಡಬಹುದಾ ಬೇಡವಾ ಅಂತ ತೀರ್ಮಾನ ಮಾಡುವ ಮಂಡಳಿ. ನಮ್ಮಲ್ಲಿ ಪೆರೋಲ್ ಅಂದರೆ ಕೆಲವು ದಿನದ ರಜೆ ಇದ್ದ ಹಾಗೆ. ತಾಯಿಗೆ ಹುಷಾರಿಲ್ಲ, ಮನೆ ಬಿದ್ದಿದೆ, ಸಾವಾಗಿದೆ ಅಂತ ಅರ್ಜಿ ಹಾಕಿ, ಜಾಮೀನು ಕೊಟ್ಟು ಬರುವುದು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡುವುದು, ದಿನ ಮುಗಿದ ಕೂಡಲೇ ವಾಪಸ್. ನಮ್ಮ ಹೈಕೋರ್ಟು 2023ರಲ್ಲಿ ಒಬ್ಬ ಕೈದಿಗೆ ಮದುವೆ ಆಗುವುದಕ್ಕೆ ಅಂತಲೇ 15 ದಿನ ಪೆರೋಲ್ ಕೊಟ್ಟಿದ್ದು ಪೇಪರಲ್ಲಿ ಬಂದಿತ್ತು, ನೆನಪಿರಬಹುದು. ಪೂರ್ತಿ ಬಿಡುವುದಕ್ಕೆ ನಮ್ಮಲ್ಲಿ ಅವಧಿಪೂರ್ವ ಬಿಡುಗಡೆ ಅನ್ನುತ್ತಾರೆ. ಪೇಪರಿನ ಭಾಷೆಯಲ್ಲಿ ಸನ್ನಡತೆ ಆಧಾರದ ಬಿಡುಗಡೆ. ನಮ್ಮ ಅಣ್ಣ ಮೂರು ಸಲ ಪೆರೋಲ್ ಮೇಲೆ ಬಂದು ಹೋದ. ಆ ದಿನಗಳೂ ಲೆಕ್ಕಕ್ಕೆ ಸೇರುತ್ತವೆ ಅಂತ ಅಜ್ಜಿ ನಂಬಿದ್ದರು, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಟ್ಟಿದ್ದರು. ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನು 14 ವರ್ಷದಲ್ಲಿ ಸೇರಿಸುವ ಹಾಗಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಅಜ್ಜಿಗೆ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾದರೆ ತೀರ್ಮಾನ ಮಾಡುವವರು ಯಾರು? ಒಬ್ಬರಲ್ಲ. ಜೈಲಿನ ಮಟ್ಟದಲ್ಲಿ ಒಂದು ಸಮಿತಿ ಕೂತು ಇಂಥವರು ಅರ್ಹರು ಅಂತ ಪಟ್ಟಿ ಮಾಡುತ್ತದೆ. ಊರಿನ ಠಾಣೆಯಿಂದ ಪೊಲೀಸ್ ವರದಿ ತರಿಸುತ್ತಾರೆ. ಪರಿವೀಕ್ಷಣಾಧಿಕಾರಿ ಅಂತ ಇರುತ್ತಾರೆ, ಮನೆಯವರು ಕರೆದುಕೊಳ್ಳುತ್ತಾರಾ, ದುಡಿಯಲು ದಾರಿ ಇದೆಯಾ ಅಂತ ನೋಡುವುದು ಅವರ ಕೆಲಸ. ಶಿಕ್ಷೆ ಕೊಟ್ಟ ಕೋರ್ಟಿನ ನ್ಯಾಯಾಧೀಶರ ಅಭಿಪ್ರಾಯ ಕೇಳುತ್ತಾರೆ. ಇದೆಲ್ಲ ಸೇರಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಗೃಹ ಇಲಾಖೆ, ಸಮಿತಿ, ಸಚಿವ ಸಂಪುಟ, ಕೊನೆಗೆ ರಾಜ್ಯಪಾಲರು. ಇಂಥ ಸಮಿತಿಯಲ್ಲಿ ಗೃಹ ಮತ್ತು ಕಾನೂನು ಇಲಾಖೆಯವರ ಜೊತೆಗೆ ಒಬ್ಬ ಜಿಲ್ಲಾ ನ್ಯಾಯಾಧೀಶರು, ಮುಖ್ಯ ಪರಿವೀಕ್ಷಣಾಧಿಕಾರಿ, ಹಿರಿಯ ಪೊಲೀಸ್ ಅಧಿಕಾರಿ ಇರಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಲ್ಲ ರಾಜ್ಯಗಳಿಗೂ ಬಹಳ ಹಿಂದೆಯೇ ಹೇಳಿದೆ.

ಇಷ್ಟು ಜನ ದೊಡ್ಡವರು ಕೂರುತ್ತಾರೆ. ಅವರ ಕೈಗೆ ಹೋಗುವುದು ಬಹುಪಾಲು ಕಾಗದ. ಆ ಕಾಗದದಲ್ಲಿ ನಮ್ಮೂರಿನ ಬಗ್ಗೆ ಇರುವುದು ಆ ನಾಲ್ಕು ಸಾಲು. ಅದನ್ನು ಯೋಚಿಸಿಯೇ ನನ್ನ ಕೈ ಹಿಂದಕ್ಕೆ ಬಂದದ್ದು.

ಏನು ನೋಡಿ ತೀರ್ಮಾನ ಮಾಡಬೇಕು ಅಂತ 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಪ್ರಶ್ನೆ ಇಟ್ಟಿದೆ. ಆ ಅಪರಾಧ ಇಡೀ ಸಮಾಜಕ್ಕೆ ಹೊಡೆತ ಕೊಡುವಂಥದ್ದಾ, ಅಥವಾ ಇಬ್ಬರ ನಡುವೆ ಆದದ್ದಾ? ಮತ್ತೆ ಅದೇ ನಡೆಯುವ ಸಂಭವ ಇದೆಯಾ? ಈ ಮನುಷ್ಯನಿಗೆ ಇನ್ನೂ ಅಪರಾಧ ಮಾಡುವ ಶಕ್ತಿ ಉಳಿದಿದೆಯಾ? ಇವನನ್ನು ಇನ್ನೂ ಒಳಗಿಟ್ಟರೆ ಏನಾದರೂ ಪ್ರಯೋಜನ ಇದೆಯಾ? ಮನೆಯವರ ಸ್ಥಿತಿ ಏನು?

ಈ ಐದರಲ್ಲಿ ಒಂದಕ್ಕಾದರೂ ಆ ಹಾಳೆಯಲ್ಲಿ ಉತ್ತರ ಇತ್ತಾ? ಅಣ್ಣನಿಗೆ ಈಗ ಐವತ್ತೆರಡು. ಹೋದ ಸಲ ಪೆರೋಲ್ ಮೇಲೆ ಬಂದಾಗ ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ತೆಗೆದಿದ್ದರು, ಗೋಡೆ ಹಿಡಿದು ನಡೆಯುತ್ತಿದ್ದ. ಜೈಲಿನಲ್ಲಿ ಮರಗೆಲಸ ಕಲಿತಿದ್ದಾನೆ. ಆ ಹೊಲವನ್ನು ಅವನ ತಮ್ಮ ಮಾರಿ ಏಳು ವರ್ಷ ಆಯಿತು. ಅಂದರೆ ಯಾವ ಬದುವಿಗೋಸ್ಕರ ಒಬ್ಬನ ಜೀವ ಹೋಯಿತೋ ಆ ಬದುವೇ ಈಗ ಇವರದ್ದಲ್ಲ. ಇದೆಲ್ಲ ಊರಿಗೆ ಗೊತ್ತು. ಫೈಲಿಗೆ ಗೊತ್ತಿಲ್ಲ.

2023ರಲ್ಲಿ ಬಿಹಾರದ ಒಬ್ಬ ಕೈದಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅವನು ಒಂದೇ ಒಂದು ಪೆರೋಲೂ ಇಲ್ಲದೆ 24 ವರ್ಷ ಒಳಗಿದ್ದ. ಪೊಲೀಸ್ ವರದಿ ಮತ್ತು ನ್ಯಾಯಾಧೀಶರ ವರದಿ ಬೇಡ ಅಂದವು, ಮಂಡಳಿಯೂ ಬೇಡ ಅಂದಿತು. ನ್ಯಾಯಾಧೀಶರ ಎದುರಿಗಿರುವುದು ಹಳೆಯ ಕೇಸಿನ ಕಾಗದ, ಅದು ಅಪರಾಧ ನಡೆದ ದಿನದ ಮನುಷ್ಯನನ್ನು ತೋರಿಸುತ್ತದೆ, ಇಷ್ಟು ವರ್ಷದಲ್ಲಿ ಅವನು ಏನಾಗಿದ್ದಾನೆ ಅನ್ನುವುದನ್ನು ಮಂಡಳಿ ನೋಡಬೇಕು ಅನ್ನುವುದು ಆ ತೀರ್ಪಿನ ಸಾರ. ವಯಸ್ಸು, ಆರೋಗ್ಯ, ಜೈಲಿನ ನಡತೆ, ಮನೆಯವರ ಜೊತೆ ಇರುವ ನಂಟು, ಎಲ್ಲ. ಓದಿದಾಗ ನಮ್ಮೂರಿನ ಹಾಳೆಯೇ ಕಣ್ಣ ಮುಂದೆ ಬಂತು.

ಕಾಗದ ನೋಡಿ ತೀರ್ಮಾನ ಮಾಡುವವರೂ ಮನುಷ್ಯರೇ ಅಲ್ವಾ. 2011ರಲ್ಲಿ ಇಸ್ರೇಲ್‌ನ ಪೆರೋಲ್ ನ್ಯಾಯಾಧೀಶರ 1,112 ತೀರ್ಮಾನಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ ಬಂದಿತ್ತು. ಬೆಳಿಗ್ಗೆ ಕೂತ ಹೊಸದರಲ್ಲಿ ಶೇಕಡಾ ಸುಮಾರು 65ರಷ್ಟು ಜನರಿಗೆ ಅನುಕೂಲ ಆಗುತ್ತಿತ್ತಂತೆ, ಊಟದ ಹೊತ್ತು ಹತ್ತಿರ ಬಂದ ಹಾಗೆ ಅದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿತ್ತಂತೆ, ಊಟ ಮಾಡಿ ಬಂದ ಮೇಲೆ ಮತ್ತೆ ಮೇಲಕ್ಕೆ. ವಕೀಲರಿಲ್ಲದ ಕೈದಿಗಳ ಸರದಿ ಕೊನೆಗೆ ಬರುತ್ತಿತ್ತು, ಅದಕ್ಕೇ ಹಾಗೆ ಕಂಡಿದೆ ಅಂತ ಬೇರೆಯವರು ಅದನ್ನು ಪ್ರಶ್ನೆ ಮಾಡಿದರು. ಹಸಿವೇ ಕಾರಣವೋ, ವಕೀಲರಿಲ್ಲದ್ದೇ ಕಾರಣವೋ, ಎರಡೂ ನನಗೆ ಅಷ್ಟೇ ಸಂಕಟದ ವಿಷಯ. ನಮ್ಮ ಅಜ್ಜಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲ. ಝೆರಾಕ್ಸ್ ಅಂಗಡಿಯವನು ಬರೆದ ಅರ್ಜಿಯೇ ಅವರ ವಕಾಲತ್ತು.

ಇಲ್ಲಿ ತನಕ ಓದಿದವರು, ಕೊಂದವನ ಪರವಾಗಿಯೇ ಮಾತಾಡುತ್ತಿದ್ದಾನೆ ಅಂದುಕೊಂಡಿರಬಹುದು. ಸತ್ತವನ ಮನೆ ಅದೇ ಬೀದಿಯಲ್ಲಿ, ಏಳು ಬಾಗಿಲು ಆಚೆಗಿದೆ. ಸತ್ತಾಗ ಅವರ ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಆ ಅಕ್ಕ ಎರಡು ಎಮ್ಮೆ ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ಒಂದೂವರೆ ಎಕರೆಯಲ್ಲಿ ಒಂದು ವರ್ಷ ಮೆಕ್ಕೆಜೋಳ, ಒಂದು ವರ್ಷ ಈರುಳ್ಳಿ ಬೆಳೆದು ಮಕ್ಕಳನ್ನು ಸಾಕಿದರು. ಬೀದಿಯಲ್ಲಿ ಇರುವುದು ಒಂದೇ ನೀರಿನ ತೊಂಬೆ. ಅಕ್ಕ ಬೆಳಿಗ್ಗೆ ಆರಕ್ಕೆ ಕೊಡ ತರುತ್ತಾರೆ. ಅಜ್ಜಿ ತಮ್ಮ ಬಾಗಿಲ ಸಂದಿಯಲ್ಲಿ ಕೊಡ ಹಿಡಿದುಕೊಂಡು ನಿಂತಿರುತ್ತಾರೆ, ಅಕ್ಕ ತುಂಬಿಸಿಕೊಂಡು ಹೋಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಹೊರಗೆ ಬರುತ್ತಾರೆ. ಹದಿನಾರು ವರ್ಷದಿಂದ ಹೀಗೇ. ಯಾರೂ ಹೇಳಿಕೊಟ್ಟದ್ದಲ್ಲ. ಬೀದಿಯಲ್ಲಿ ಗಲಾಟೆ ಆಗದ ಹಾಗೆ ಇಷ್ಟು ವರ್ಷ ನೋಡಿಕೊಂಡಿದ್ದು ಈ ಇಬ್ಬರು ಹೆಂಗಸರು.

ಸಂಜೆ ಐದಕ್ಕೆ ಹೆಡ್ ಕಾನ್‌ಸ್ಟೇಬಲ್ ಹೇಳಿದ ಹಾಗೇ ಬಂದರು. ಮೊದಲು ಅಜ್ಜಿ ಮನೆ. ಅಜ್ಜಿ ಹೆಚ್ಚು ಮಾತಾಡಲಿಲ್ಲ. "ನಾನು ಇರೋದ್ರೊಳಗೆ ಒಂದು ಸಲ ಮನೇಲಿ ಮಲಗ್ಲಿ ಯಪ್ಪಾ" ಅಂದರು. ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ, ಜವಾಬ್ದಾರಿ ನಮ್ಮದು ಅಂತ ಅವನ ತಮ್ಮ ಹೇಳಿದ್ದನ್ನು ಬರೆದುಕೊಂಡೆವು.

ಅಕ್ಕ ಆಗ ತಾನೇ ಡೈರಿಯಿಂದ ಬಂದು ಹಾಲಿನ ಕ್ಯಾನು ತೊಳೆಯುತ್ತಿದ್ದರು. ಪೊಲೀಸರನ್ನು ನೋಡಿ ಸೆರಗು ಸರಿ ಮಾಡಿಕೊಂಡು ನಿಂತರು. ವಿಷಯ ಹೇಳಿದೆ. ಕ್ಯಾನು ಬೋರಲು ಹಾಕಿ, ಕೈ ಒರೆಸಿಕೊಂಡು ನನ್ನನ್ನೇ ಕೇಳಿದರು.

"ನಾನು ಬರಬ್ಯಾಡ ಅಂದ್ರೆ ಬರಲ್ವಾ? ಬರ್ಲಿ ಅಂದ್ರೆ ಬರ್ತಾನಾ? ನನ್ನ ಮಾತಿಗೆ ಅಷ್ಟು ಬೆಲೆ ಐತಾ? ಅದನ್ನ ಹೇಳು ತಮ್ಮ ಮೊದ್ಲು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಜೊತೆಗಿದ್ದವರೂ ಸುಮ್ನೆ ನಿಂತರು.

ಇಂಗ್ಲೆಂಡ್‌ನಲ್ಲಿ ನೊಂದವರು ತಮ್ಮ ಮೇಲೆ ಏನು ಆಯಿತು ಅನ್ನುವುದನ್ನು ಬರೆದು ಪೆರೋಲ್ ಮಂಡಳಿಗೆ ಕೊಡಬಹುದು. ಬಿಡುಗಡೆ ಆದರೆ ಇಂಥ ಜಾಗಕ್ಕೆ ಬರಬಾರದು, ನಮ್ಮನ್ನು ಸಂಪರ್ಕಿಸಬಾರದು ಅಂತ ಷರತ್ತು ಕೇಳಬಹುದು. ಅಲ್ಲಿ ಮಂಡಳಿಯವರು ಬಹಳಷ್ಟು ಕೇಸಿನಲ್ಲಿ ಕೈದಿಯನ್ನು ಎದುರಿಗೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಇವನು ಹೊರಗೆ ಬಂದರೆ ಜನಕ್ಕೆ ಅಪಾಯ ಇದೆಯಾ ಅನ್ನುವುದೇ ಅವರ ಮುಖ್ಯ ಪ್ರಶ್ನೆ. ನಮ್ಮಲ್ಲಿ ನೊಂದವರ ಮಾತು ಬರುವುದು ಪೊಲೀಸ್ ವರದಿಯ ಒಳಗೆ, ಪೊಲೀಸರ ಮಾತಾಗಿ. 2002ರ ಗುಜರಾತ್ ಗಲಭೆಯಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಮನೆಯವರನ್ನೂ ಕಳೆದುಕೊಂಡ ಬಿಲ್ಕಿಸ್ ಬಾನೊ ವಿಷಯ ನೆನಪು ಮಾಡಿಕೊಳ್ಳಿ. 2022ರ ಆಗಸ್ಟ್ 15ರಂದು ಆ ಕೇಸಿನಲ್ಲಿ ಶಿಕ್ಷೆ ಆಗಿದ್ದ 11 ಜನರನ್ನು ಬಿಟ್ಟರು. ನನ್ನ ಸುರಕ್ಷತೆ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ ಅಂತ ಆ ತಾಯಿ ಆಮೇಲೆ ಹೇಳಿದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆ ರದ್ದು ಮಾಡಿತು. ವಿಚಾರಣೆ ನಡೆದು ಶಿಕ್ಷೆ ಆದದ್ದು ಮಹಾರಾಷ್ಟ್ರದಲ್ಲಿ, ಹಾಗಾಗಿ ತೀರ್ಮಾನ ಮಾಡುವ ಅಧಿಕಾರವೇ ಗುಜರಾತ್ ಸರ್ಕಾರಕ್ಕೆ ಇರಲಿಲ್ಲ ಅಂತ. ಎಲ್ಲರೂ ವಾಪಸ್ ಜೈಲಿಗೆ ಹೋದರು. ಒಂದು ಕಡೆ 24 ವರ್ಷ ಆದರೂ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಕಡೆ ನೊಂದವಳಿಗೆ ಸುದ್ದಿಯೇ ಇಲ್ಲದೆ ಬಾಗಿಲು ತೆರೆದುಕೊಳ್ಳುತ್ತದೆ. ಎರಡೂ ಕಡೆ ಒಂದೇ ಕೊರತೆ ನನಗೆ ಕಾಣುವುದು: ಯಾರನ್ನು ಕೇಳಬೇಕಿತ್ತೋ ಅವರನ್ನು ಕೇಳಲಿಲ್ಲ.

ಅಕ್ಕ ಜಗಲಿ ಮೇಲೆ ಕೂತರು. ನಿಧಾನಕ್ಕೆ ಹೇಳಿದರು. "ಹೋದ ಸಲ ಬಂದಾಗ ನನಗೆ ಯಾರೂ ಹೇಳಿರ್ಲಿಲ್ಲ. ಬೆಳಿಗ್ಗೆ ಕಸ ಹಾಕಾಕೆ ಬಾಗಿಲು ತೆಗೆದ್ರೆ ತೊಂಬೆ ಹತ್ರ ನಿಂತಿದ್ದ. ನನಗೆ ಕೈಕಾಲೇ ಆಡ್ಲಿಲ್ಲ. ಬರೋದಾದ್ರೆ ನನಗೆ ಮೊದ್ಲೇ ಹೇಳ್ಬೇಕು. ಎಂಟು ದಿನ ಮೊದ್ಲು. ಆ ಹೊಲದ ದಾರೀಲಿ ಅವನು ಓಡಾಡಂಗಿಲ್ಲ, ನನ್ನ ಮಗ ಸಂಜೆ ಮೋಟರ್ ಹಾಕಾಕೆ ಒಬ್ನೇ ಹೋಗ್ತಾನೆ. ನನ್ನ ಮಗನ ಹತ್ರ ಅವನು ಮಾತಾಡಂಗಿಲ್ಲ, ಕ್ಷಮಿಸು ಅಂತನೂ ಕೇಳಂಗಿಲ್ಲ. ನನ್ನ ಮಗ ತಾನಾಗೇ ಮಾತಾಡಿಸಿದ್ರೆ ಬೇರೆ."

ನಾನು ಬರೆದುಕೊಳ್ಳುತ್ತಾ ಹೋದೆ. 2024ರಲ್ಲಿ ಗುಜರಾತಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಷರತ್ತಿನ ಪ್ರಶ್ನೆ ಬಂದಿತ್ತು. ಬಿಡುಗಡೆ ಆದವನು ಎರಡು ವರ್ಷ ಸಭ್ಯವಾಗಿ ನಡೆದುಕೊಳ್ಳಬೇಕು ಅಂತ ಸರ್ಕಾರ ಹಾಕಿದ ಷರತ್ತು. ಸಭ್ಯ ಅಂದರೆ ಏನು, ಯಾರು ಅಳೆಯುವುದು, ಇಂಥ ಅಸ್ಪಷ್ಟ ಷರತ್ತು ನಿಲ್ಲುವುದಿಲ್ಲ ಅಂತ ಕೋರ್ಟ್ ಅದನ್ನು ತೆಗೆದುಹಾಕಿತು. ಷರತ್ತು ಪಾಲಿಸಲು ಆಗುವಂತಿರಬೇಕು, ಸ್ಪಷ್ಟವಾಗಿರಬೇಕು ಅಂತ. ಅಕ್ಕ ಯಾವ ತೀರ್ಪನ್ನೂ ಓದಿದವರಲ್ಲ. ಆದರೆ ಅವರು ಹೇಳಿದ ಒಂದೊಂದು ಷರತ್ತೂ ಎಷ್ಟು ನಿಚ್ಚಳವಾಗಿತ್ತು ನೋಡಿ. ಯಾವ ದಾರಿ, ಎಷ್ಟು ದಿನ ಮೊದಲು, ಯಾರ ಜೊತೆ ಮಾತಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಇದು ಹೊಳೆಯುವುದಕ್ಕೆ ಸಾಧ್ಯವೇ ಇಲ್ಲ, ಈ ಜಗಲಿಗೆ ಬಂದು ಕೇಳಿದರೆ ಮಾತ್ರ ಸಿಗುವಂಥದ್ದು.

ಇನ್ನೊಂದು ಮಾತನ್ನು ಜೈಲಲ್ಲಿ ಯಾರಾದರೂ ಇರುವ ಮನೆಯವರಿಗೆ ಹೇಳಬೇಕು. 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ರಾಜ್ಯದಲ್ಲಿ ಮಾಫಿ ನೀತಿ ಇದ್ದರೆ, ಅರ್ಹತೆ ಬಂದ ಕೈದಿಯ ವಿಷಯವನ್ನು ಸರ್ಕಾರ ತಾನಾಗಿಯೇ ನೋಡಬೇಕು, ಅರ್ಜಿ ಹಾಕಿಲ್ಲ ಅಂತ ಬಿಡುವ ಹಾಗಿಲ್ಲ. ಬೇಡ ಅಂದರೆ ಯಾಕೆ ಬೇಡ ಅಂತ ಕಾರಣ ಬರೆಯಬೇಕು, ಜೈಲಿನ ಮೂಲಕ ಆ ಕೈದಿಗೆ ತಿಳಿಸಬೇಕು. ಆ ತೀರ್ಮಾನವನ್ನು ಪ್ರಶ್ನೆ ಮಾಡುವ ಹಕ್ಕು ಅವನಿಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ಅಲ್ಲಿ ದುಡ್ಡಿಲ್ಲದೆ ವಕೀಲರು ಸಿಗುತ್ತಾರೆ. ತಿರಸ್ಕರಿಸಿದ ಪತ್ರ ಬಂದರೆ ಅದನ್ನು ಮಡಚಿ ಟ್ರಂಕಿನಲ್ಲಿ ಇಡಬೇಡಿ, ತೆಗೆದುಕೊಂಡು ಅಲ್ಲಿಗೆ ಹೋಗಿ. ಬರೆದ ಕಾರಣ ಶಾಂತಿಭಂಗ ಅನ್ನುವ ಒಂದೇ ಪದ ಆಗಿದ್ದರೆ, ಅದನ್ನು ತೋರಿಸಿ ಕೇಳಿ.

ಅಂಗಡಿಗೆ ವಾಪಸ್ ಬಂದು ಟೈಪ್ ಮಾಡಿದೆ. ಹೆಡ್ ಕಾನ್‌ಸ್ಟೇಬಲ್ ಪಕ್ಕದಲ್ಲೇ ಕೂತಿದ್ದರು, ಒಂದೆರಡು ಕಡೆ ಪದ ಅವರೇ ಸರಿ ಮಾಡಿಸಿದರು. ಅಕ್ಕನ ಹೇಳಿಕೆಯ ಕೊನೆಗೆ, ಅಭ್ಯಾಸದ ಮೇಲೆ, "ಬಿಡುಗಡೆಗೆ ನನ್ನ ಯಾವುದೇ ಆಕ್ಷೇಪಣೆ ಇರುವುದಿಲ್ಲ" ಅಂತ ಹೊಡೆದುಬಿಟ್ಟಿದ್ದೆ. ಅಕ್ಕ ಬಂದಾಗ ಓದಿ ಹೇಳಿದೆ. ಅಲ್ಲಿಗೆ ಬಂದ ಕೂಡಲೇ ಕೈ ಅಡ್ಡ ಹಿಡಿದರು.

"ಅದು ತೆಗಿ. ಆಕ್ಷೇಪಣೆ ಐತೆ. ಆದ್ರೂ ಬರ್ಲಿ ಅಂತ ಬರಿ."

ನಾನು ಪೊಲೀಸರ ಮುಖ ನೋಡಿದೆ. "ಅವರು ಹೇಳಿದಂಗೇ ಬರೀರಿ" ಅಂದರು. ಹಾಗೇ ಬರೆದೆ. ಅಕ್ಕ ಪ್ರತಿ ಹಾಳೆಗೂ ಸಹಿ ಹಾಕಿದರು, ಅಕ್ಷರ ಬಿಡಿಸಿ ಬಿಡಿಸಿ. ಊರಿನವರ ಹೇಳಿಕೆಯನ್ನು ಬೇರೆ ಬರೆದೆವು, ಅದಕ್ಕೆ ನಾನೂ ಸಹಿ ಹಾಕಿದೆ. ಬೆಳಿಗ್ಗೆ ಸಹಿ ಹಾಕಿದ್ದ ಇಬ್ಬರಲ್ಲಿ ಒಬ್ಬರು ಬಂದು ಹೊಸದಕ್ಕೆ ಹಾಕಿದರು, ಇನ್ನೊಬ್ಬರು ನಾನು ಮೊದಲು ಹೇಳಿದ್ದೇ ಸರಿ ಅಂತ ಬರಲಿಲ್ಲ. ಅದನ್ನೂ ಹಾಗೇ ನಮೂದಿಸಿದೆವು.

ಫೈಲು ಹೋಗಿದೆ. ಎಲ್ಲಿಗೆ ಬಂದಿದೆ ಅಂತ ಅಜ್ಜಿ ದಿನಾ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿಕೊಂಡು ಹೋಗುತ್ತಾರೆ. ಅಕ್ಕ ಅವತ್ತೇ ತಮ್ಮ ಹೇಳಿಕೆಯ ಒಂದು ಝೆರಾಕ್ಸ್ ಕೇಳಿ ಇಸಿದುಕೊಂಡರು. ಬೇಡ ಅಂದರೂ ಎರಡು ರೂಪಾಯಿ ಮೇಜಿನ ಮೇಲಿಟ್ಟು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಡೈರಿಯ ಪಾಸ್‌ಬುಕ್ಕಿನ ಒಳಗೆ ಇಟ್ಟುಕೊಂಡು ಹೋದರು.